ಸಣ್ಣ ಟ್ರೈಲರ್‌ಗೆ ಟಿಪ್ಪಿಂಗ್ ಜಾಕ್: ಎಲ್ಲಿ ಕೂರಿಸಬೇಕು?

ಪ್ರಶ್ನೆ: ನಮ್ಮ ಹತ್ತಿರ 8 ಅಡಿ ಉದ್ದ, 5 ಅಡಿ ಅಗಲದ ಒಂಟಿ ಆಕ್ಸಲ್ ಟ್ರೈಲರ್ ಇದೆ. ಮಣ್ಣು, ಗೊಬ್ಬರ, ಜಲ್ಲಿ ಹೇರುತ್ತೇವೆ. ಒಂದು ಸಲಕ್ಕೆ ಒಂದೂವರೆ ಟನ್ ದಾಟುವುದಿಲ್ಲ. ಸಲಿಕೆ ಹಿಡಿದು ಖಾಲಿ ಮಾಡಿ ಸಾಕಾಗಿದೆ, ಹೈಡ್ರಾಲಿಕ್ ಜಾಕ್ ಹಾಕಿಸಬೇಕು ಅಂತಿದ್ದೇನೆ. 5 ಟನ್ ಜಾಕ್ ಸಾಕು ಅಂತ ಒಬ್ಬರು, 10 ಟನ್ ಬೇಕೇ ಬೇಕು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಇಬ್ಬರ ಮಾತೂ ಸರಿಯಾಗಬಹುದು. ಜಾಕ್ ಎಲ್ಲಿ, ಎಷ್ಟು ಓರೆಯಾಗಿ ಕೂರುತ್ತದೆ ಅನ್ನೋದನ್ನು ಇಬ್ಬರೂ ಕೇಳಿಲ್ಲ, ಅಷ್ಟೇ. ಮೊದಲು ಅದನ್ನು ನೋಡೋಣ.

ಲೋಡ್ 1,500 ಕೆಜಿ, ಮೇಲೇಳುವ ಬಾಡಿಯ ತೂಕ 250 ಕೆಜಿ ಅಂತ ಇಟ್ಟುಕೊಳ್ಳಿ. ಒಟ್ಟು 1,750 ಕೆಜಿ. ಕೀಲು ಹಿಂಬದಿಯ ತುದಿಯಲ್ಲಿದ್ದರೆ ಈ ತೂಕದ ನಡುಮಧ್ಯ ಕೀಲಿನಿಂದ 4 ಅಡಿ ದೂರ ಬರುತ್ತದೆ. ಜಾಕಿನ ಮೇಲಿನ ಪಿನ್ ಕೀಲಿನಿಂದ ನಾಲ್ಕೂವರೆ ಅಡಿ ಮುಂದಿದೆ ಅನ್ನಿ. ಮುಚ್ಚಿದಾಗ ಜಾಕಿನ ಉದ್ದ ಎರಡೂವರೆ ಅಡಿ.

ಹೆಚ್ಚಿನವರು ಚಾಸಿಯ ಕೆಳಗೆ ಜಾಗ ಇಲ್ಲ ಅಂತ ಜಾಕನ್ನು ಬಹುತೇಕ ಮಲಗಿಸಿಬಿಡುತ್ತಾರೆ. ಕೆಳಗಿನ ಪಿನ್ ಮೇಲಿನದಕ್ಕಿಂತ ಬರೀ 5 ಇಂಚು ಕೆಳಗಿದ್ದರೆ ಜಾಕಿನ ಕೋನ 10 ಡಿಗ್ರಿ ಆಸುಪಾಸು. ಆಗ ಬಾಡಿ ಎದ್ದೇಳಲು ಸುಮಾರು 9 ಟನ್ ಬಲ ಬೇಕು. ಅದೇ ಪಿನ್ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಕೆಳಗಿದ್ದರೆ ಕೋನ 25 ಡಿಗ್ರಿ, ಬೇಕಾದ ಬಲ 3.7 ಟನ್. ಟ್ರೈಲರ್ ಅದೇ, ಮಣ್ಣು ಅದೇ. ಏಳೆಂಟು ಇಂಚಿನಲ್ಲಿ ಎಷ್ಟು ವ್ಯತ್ಯಾಸ ನೋಡಿ! 63 ಎಂಎಂ ಬೋರಿನ (ಒಳಗಿನ ವ್ಯಾಸದ) ಜಾಕ್ ಆದರೆ ಮೊದಲನೆಯದಕ್ಕೆ ಸುಮಾರು 280 ಬಾರ್ ಪ್ರೆಶರ್ ಬೇಕು, ಎರಡನೆಯದಕ್ಕೆ 115 ಸಾಕು. ಸಣ್ಣ ಪಂಪುಗಳು ಸಾಮಾನ್ಯವಾಗಿ 150ರಿಂದ 200 ಬಾರ್‌ಗೆ ಸೆಟ್ ಆಗಿರುತ್ತವೆ. ಮಲಗಿಸಿದ ಜಾಕ್ ಸುಮ್ನೆ ಗೊರಗುಟ್ಟುತ್ತದೆ, ಬಾಡಿ ಅಲ್ಲಾಡುವುದಿಲ್ಲ.

ಒಮ್ಮೆ ಬಾಡಿ ಎದ್ದರೆ ಮುಂದೆ ಕಷ್ಟ ಇಲ್ಲ. ಏಳುತ್ತಾ ಹೋದಂತೆ ಜಾಕಿನ ಕೋನ ಸುಧಾರಿಸುತ್ತದೆ, ತೂಕವೂ ಕೀಲಿನ ಕಡೆ ಸರಿಯುತ್ತದೆ. ಮೊದಲ ಒಂದು ಗೇಣಿನದ್ದೇ ಕಷ್ಟ. ಅದಕ್ಕೇ ನನ್ನ ಸಲಹೆ: ಟನ್ ಜಾಸ್ತಿ ಮಾಡಬೇಡಿ, ಕೆಳಗಿನ ಪಿನ್ ಇಳಿಸಿ. ಚಾಸಿಗೆ ಗಟ್ಟಿಯಾದ ಅಡ್ಡ ಚಾನಲ್ ಹಾಕಿ, ಅದರಿಂದ ಬ್ರಾಕೆಟ್ ಕೆಳಗೆ ತೂಗುಬಿಡಿ. ಆಕ್ಸಲ್‌ಗೆ ತಾಗದಂತೆ, ನೆಲಕ್ಕೆ ಉಜ್ಜದಂತೆ ಅಳತೆ ನೋಡಿಕೊಳ್ಳಿ. ಈ ಜೋಡಣೆಯಲ್ಲಿ 20 ಇಂಚು ಸ್ಟ್ರೋಕಿನ (ಅಂದರೆ ಅಷ್ಟು ಉದ್ದ ಚಾಚುವ) ಜಾಕ್ ಬಾಡಿಯನ್ನು ಸುಮಾರು 40 ಡಿಗ್ರಿವರೆಗೆ ಎತ್ತುತ್ತದೆ. ಒಣ ಜಲ್ಲಿಗೆ ಅಷ್ಟು ಧಾರಾಳ. ಒದ್ದೆ ಮಣ್ಣು ಮಾತ್ರ ತಳಕ್ಕೆ ಅಂಟಿ ಕೂರುತ್ತದೆ, ಅದಕ್ಕೆ 45–50 ಡಿಗ್ರಿ ಸಿಕ್ಕರೆ ಒಳ್ಳೆಯದು.

ಇಷ್ಟು ದಿನ ಹಲಗೆಯೂ ಚಾಸಿಯೂ ಒಂದೇ ಆಗಿ ಲೋಡ್ ಹೊರುತ್ತಿದ್ದವು. ನೀವು ಈಗ ಅವನ್ನು ಬೇರೆ ಮಾಡುತ್ತಿದ್ದೀರಿ. ಬಾಡಿಗೆ ಅದರದೇ ಚೌಕಟ್ಟು ಬೇಕು, ಹಳೇ ತಗಡಿಗೆ ಎರಡು ಆ್ಯಂಗಲ್ ಅಂಟಿಸಿದರೆ ಆಗುವುದಿಲ್ಲ. ಹಾಗೆ ಮಾಡಿದ ಒಂದು ಟ್ರೈಲರ್ ರಿಪೇರಿಗೆ ನನ್ನ ಹತ್ತಿರ ಬಂದಿತ್ತು. ಜಾಕ್ ಒತ್ತುವ ಕಡೆ ತಳ ಬುಟ್ಟಿಯ ಹಾಗೆ ಉಬ್ಬಿತ್ತು. ಕೀಲಿನ ತೂತು ಉರುಟಾಗಿ ಉಳಿದಿರಲಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಬೆರಳಿಟ್ಟರೆ ಪಿನ್ ಪಕ್ಕದಲ್ಲಿ ಅರ್ಧ ಬೆರಳು ಹೋಗುತ್ತಿತ್ತು. ಪಿನ್ನನ್ನು ಒಂದೇ ಪಟ್ಟಿಗೆ ಸಿಕ್ಕಿಸಿದ್ದೇ ಕಾರಣ. ಪ್ರತಿ ಪಿನ್ನಿಗೂ ಎರಡು ಕಡೆ ಪಟ್ಟಿ ಇರಲಿ, ಒಳಗೆ ಬುಷ್, ಮೇಲೆ ಗ್ರೀಸ್ ನಿಪ್ಪಲ್ ಇರಲಿ.

ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಜಾಕ್ ಕೂರಿಸಿ. ಕೂರಿಸಿದ ಮೇಲೂ ವೆಲ್ಡ್ ಮಾಡಲೇಬೇಕಾದರೆ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿ. ಕರೆಂಟ್ ಜಾಕಿನ ಮೂಲಕ ಹರಿದರೆ ರಾಡಿನ ಕ್ರೋಮ್ ಮೇಲೆ ಚುಕ್ಕೆ ಬೀಳುತ್ತದೆ, ಆ ಚುಕ್ಕೆಗಳು ಸೀಲನ್ನು ತಿಂದುಹಾಕುತ್ತವೆ.

ಪಂಪ್ ವಿಷಯ ಸುಲಭ. ಎಳೆಯುವ ಟ್ರ್ಯಾಕ್ಟರ್‌ನಲ್ಲಿ ಹೊರಗಿನ ಹೈಡ್ರಾಲಿಕ್ ಪಾಯಿಂಟ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ 12 ವೋಲ್ಟಿನ ಪವರ್ ಪ್ಯಾಕ್ (ಮೋಟಾರು, ಪಂಪ್, ಟ್ಯಾಂಕ್ ಸೇರಿದ ಸೆಟ್) ಹಾಕಿ. ಅದು ಕರೆಂಟ್ ತುಂಬಾ ಎಳೆಯುತ್ತದೆ, ಬ್ಯಾಟರಿ ಟ್ರೈಲರ್ ಮೇಲೇ ಇರಲಿ, ಕೇಬಲ್ ದಪ್ಪ ಇರಲಿ. ದಿನಕ್ಕೊಂದೇ ಲೋಡ್ ಆದರೆ ಕೈ ಪಂಪೂ ನಡೆಯುತ್ತದೆ. ಈ ಜಾಕ್ ಪೂರ್ತಿ ಚಾಚಲು ಒಂದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಆಯಿಲ್ ಬೇಕು, ಟ್ಯಾಂಕ್ 3 ಲೀಟರಿನದ್ದು ಇಟ್ಟುಕೊಳ್ಳಿ.

ಕೆಲವು ವಿಷಯ ದಯವಿಟ್ಟು ಬಿಡಬೇಡಿ. ಹೋಸ್ ಒಡೆದರೆ ಬಾಡಿ ಧಡ್ ಅಂತ ಬೀಳುತ್ತದೆ. ಅದನ್ನು ತಡೆಯುವ ಹೋಸ್ ಬರ್ಸ್ಟ್ ವಾಲ್ವ್ ಜಾಕಿನ ಬಾಯಲ್ಲೇ ಇರಬೇಕು. ಬಾಡಿ ಎತ್ತಿ ಕೆಳಗೆ ಕೈ ಹಾಕುವ ಮುಂಚೆ ಖಾಲಿ ಮಾಡಿ, ಕಬ್ಬಿಣದ ಊರೆ ಕೊಡಿ. ಊರೆಯನ್ನು ಚಾಸಿಗೇ ಕೀಲು ಹಾಕಿ ಸೇರಿಸಿ. ಬೇರೆ ಇಟ್ಟರೆ ಬೇಕಾದ ದಿನ ಅದು ಮನೆಯಲ್ಲಿರುತ್ತದೆ.

ಇನ್ನೊಂದು, ಬಾಡಿ ಏಳುವಾಗ ತೂಕ ಆಕ್ಸಲ್‌ಗಿಂತ ಹಿಂದಕ್ಕೆ ಹೋಗುತ್ತದೆ, ಮುಂದಿನ ಮೂತಿ ಮೇಲಕ್ಕೆ ಎಗರುತ್ತದೆ. ಒದ್ದೆ ಮಣ್ಣು ಹಿಂದಿನ ಬಾಗಿಲ ಬಳಿ ಸಿಕ್ಕಿಕೊಂಡರೆ ಎಳೆಯುವ ಗಾಡಿಯ ಹಿಂಬದಿಯನ್ನೂ ಎತ್ತಬಹುದು. ಹುಕ್ಕಿನ ಪಿನ್ನಿಗೆ ಲಾಕ್ ಇರಲಿ, ಟ್ರೈಲರ್ ಹಿಂದೆ ಎರಡು ಊರುಗಾಲು ಇರಲಿ. ಓರೆ ನೆಲದಲ್ಲಿ ಟಿಪ್ ಮಾಡಲೇಬೇಡಿ, ಮೇಲೆ ಕರೆಂಟ್ ತಂತಿ ಇದೆಯಾ ಅಂತ ತಲೆ ಎತ್ತಿ ನೋಡಿ. ಟ್ರೈಲರ್ ನೋಂದಣಿ ಆಗಿದ್ದರೆ ಬದಲಾವಣೆಗೆ ಮುಂಚೆಯೇ ಅನುಮತಿ ವಿಚಾರಿಸಿ. ಹೊಸ ಚೌಕಟ್ಟು, ಜಾಕ್ ಸೇರಿದಷ್ಟೂ ಹೊರುವ ಲೋಡ್ ಕಡಿಮೆ ಮಾಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ಟಿಪ್ಪಿಂಗ್ ಟ್ರೈಲರ್ ಎತ್ತಿ ನಿಲ್ಲಿಸಿದರೆ ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ಜಾಕ್ ಬದಲಿಸಬೇಕಾ?

ಉತ್ತರ: ಅವಸರ ಬೇಡ. ಒಂದೇ ಕಡೆಯಿಂದ ಒತ್ತುವ ಜಾಕ್ ಅಲ್ವಾ? ಅದರ ಸೀಲ್ ಹೋಗಿದ್ದರೆ ಆಯಿಲ್ ಹೊರಗೆ ಕಾಣಿಸಲೇಬೇಕು, ರಾಡಿನ ಬುಡದಲ್ಲೋ ಗಾಳಿ ತೂತಿನಲ್ಲೋ. ಜಾಕ್, ಹೋಸ್ ಎಲ್ಲ ಒಣಗಿದ್ದೂ ಬಾಡಿ ಇಳಿಯುತ್ತಿದ್ದರೆ ಆಯಿಲ್ ವಾಲ್ವ್ ಮೂಲಕ ವಾಪಸ್ ಟ್ಯಾಂಕಿಗೆ ಹೋಗುತ್ತಿದೆ. ಹೆಚ್ಚಾಗಿ ಆಯಿಲನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿನ ಕೂರುವ ಜಾಗದಲ್ಲಿ ಕಸ ಸಿಕ್ಕಿರುತ್ತದೆ. ಬಾಡಿಯನ್ನು ಪೂರ್ತಿ ಇಳಿಸಿ, ಪ್ರೆಶರ್ ಬಿಟ್ಟು, ಆಮೇಲೆ ವಾಲ್ವ್ ಬಿಚ್ಚಿ ತೊಳೆಯಿರಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಅದನ್ನೂ ಬದಲಿಸಿ.

ಸೋರಿಕೆ ಹುಡುಕುವಾಗ ಹೋಸ್ ಮೇಲೆ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.