4294967297 ಅವಿಭಾಜ್ಯ ಅಲ್ಲ, 641ಕ್ಕೆ ಭಾಗಿಸಿ ನೋಡಿ

500ರವರೆಗೆ ಎಲ್ಲದರಿಂದ ಭಾಗಿಸಿದೆ, ಶೇಷ ಉಳೀತಾನೇ ಇದೆ, ಹಾಗಾದರೆ 4294967297 ಅವಿಭಾಜ್ಯವೇ ಅಂತ ಕೇಳಿದ್ದೀರಿ. ಛೇ, ಸ್ವಲ್ಪದರಲ್ಲೇ ತಪ್ಪಿತು! ಇದು 641 × 6700417.

ಬೇಜಾರಾಗಬೇಡಿ, ಫ್ರೆಂಚ್ ಗಣಿತಜ್ಞ ಫರ್ಮಾ ಕೂಡ ಇಲ್ಲೇ ಎಡವಿದ್ದರು. ಈ ಸಂಖ್ಯೆ ಅಂದ್ರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. 32ರ ಬದಲು 1, 2, 4, 8, 16 ಹಾಕಿದರೆ ಬರುವ, ಇದೇ ಸಾಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ ಅವರು ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆಯನ್ನು ಒಡೆದು ತೋರಿಸಿದರು.

ಅವರು ನಮ್ಮ ಹಾಗೆ ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಕೂರಲಿಲ್ಲ. ಇದರ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ಅಂಥ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು: 193, 257, 449, 577 ಆದ ಮೇಲೆ ಮುಂದಿನದೇ 641.

641, 6700417 ಎರಡೂ ಅವಿಭಾಜ್ಯ.