ಪಿಯಾನೋ ಕಛೇರಿಗೆ ಸೀರೆ, ಬೆಳಕು: ಪ್ರತಿಕ್ರಿಯೆ

ನಮಸ್ಕಾರ. ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ಮಗಳು ಮೊದಲ ಸಲ ಪಿಯಾನೋ ನುಡಿಸುತ್ತಿದ್ದಾಳೆ, ಮೊಳಕಾಲ್ಮೂರು ರೇಷ್ಮೆ ಸೀರೆ ಉಡಿಸಬಹುದಾ, ಕಲರ್ ಲೈಟ್ ಹಾಕಿಸಬೇಕಾ ಅಂತ ಕೇಳಿದ್ದೀರಿ.

ಸೀರೆ ಖಂಡಿತ ಉಡಿಸಿ. ಆದರೆ ಪಿಯಾನೋ ಅಡ್ಡವಾಗಿ ಇಟ್ಟಾಗ ಜನರಿಗೆ ಕಾಣುವುದು ನುಡಿಸುವವರ ಬಲಮಗ್ಗುಲು. ಸೆರಗು ಇರುವುದು ಎಡಭುಜದ ಮೇಲೆ, ಅಲ್ವಾ? ಅಷ್ಟು ಆಸೆಪಟ್ಟು ತಂದ ಜರಿ ಸೆರಗು ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ರವಿಕೆಯ ತೋಳಿಗೆ ಅಗಲವಾದ ಜರಿ ಅಂಚು ಇಡಿಸಿ. ಕೈ ಓಡಿದಂತೆಲ್ಲ ಅದು ಮಿಂಚುತ್ತದೆ. ಗಾಜಿನ ಬಳೆ ಬೇಡ, ಕೀಗಳಿಗೆ ತಾಗಿ ಟಿಕ್ ಟಿಕ್ ಅನ್ನುತ್ತದೆ. ಬಲಗಾಲು ಪೆಡಲ್ (ಸ್ವರ ಎಳೆದು ನಿಲ್ಲಿಸಲು ಕಾಲಲ್ಲಿ ಒತ್ತುವ ಸನ್ನೆ) ಮೇಲಿರುವುದರಿಂದ ನೆರಿಗೆ ಕಣಕಾಲಿಗಿಂತ ತುಸು ಮೇಲಿರಲಿ. ನನ್ನ ತಂಗಿ ನುಡಿಸುವಾಗ ಸೀರೆ ಅಂಚು ಪೆಡಲ್ ಅಡಿ ಸಿಕ್ಕಿ ಅದನ್ನು ಪೂರ್ತಿ ಒತ್ತಲು ಆಗಲೇ ಇಲ್ಲ. ಎಳೆದು ನಿಲ್ಲಬೇಕಾದ ಸ್ವರಗಳು ಕತ್ತರಿಸಿದ ಹಾಗೆ ನಿಂತುಹೋದವು. ಪಾಪ, ಅವಳ ಮುಖ ನೋಡಲಾಗಲಿಲ್ಲ.

ಹೀಗೆ ಅಡ್ಡ ಕೂತು, ಪುಸ್ತಕ ನೋಡದೆ ನುಡಿಸಿ ಯೂರೋಪಿನವರನ್ನು ಹುಚ್ಚೆಬ್ಬಿಸಿದವನು ಹಂಗೇರಿಯ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್. ಒಬ್ಬರೇ ನುಡಿಸುವ ಇಂಥ ಕಛೇರಿಗೆ 'ರಿಸೈಟಲ್' ಅನ್ನುವ ಹೆಸರು ಚಾಲ್ತಿಗೆ ಬಂದಿದ್ದೇ 1840ರಲ್ಲಿ ಲಂಡನ್ನಿನಲ್ಲಿ ನಡೆದ ಅವನ ಕಛೇರಿಯಿಂದ.

ಕಲರ್ ಲೈಟ್ ಸುಮ್ನೆ ಖರ್ಚು. ಹಿಂದೆ ಕಪ್ಪು ಪರದೆ ಬಿಡಿಸಿ, ಮೇಲಿಂದ ಒಂದೇ ಹಳದಿ ಬೆಳಕು ಸಾಕು. ಕೈಯ ನೆರಳು ಕೀಗಳ ಮೇಲೆ ದಟ್ಟವಾಗಿ ಬೀಳುತ್ತದಾ ಅಂತ ಹಿಂದಿನ ದಿನವೇ ಅವಳನ್ನು ಕೂರಿಸಿ ನೋಡಿ. ಅವತ್ತೂ ಅದೇ ಸೀರೆ ಉಟ್ಟಿರಲಿ.