ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ಸಿಸೇರಿಯನ್ ಆಗಿ ಮೂರು ದಿನ ಸರಿಯಾಗಿ ಹಾಲು ಬರಲಿಲ್ಲ. ಪಕ್ಕದ ಮಂಚದವರ ಮಾತು ಕೇಳಿ ಡಬ್ಬಿ ಹಾಲು ಕೊಟ್ಟೆ. ನೋವು ತಿನ್ನದವಳಿಗೆ ಹಾಲೆಲ್ಲಿಂದ ಬರಬೇಕು ಅಂದರು ಅತ್ತೆ. ನಿಜಾನಾ? ಈಗ ಮತ್ತೆ ಬಸುರಿ."

ನೋಡಮ್ಮಾ, ಸಿಸೇರಿಯನ್ ಎಷ್ಟೋ ಜೀವ ಉಳಿಸಿದೆ, ಅದಕ್ಕೊಂದು ನಮಸ್ಕಾರ. ಆದರೆ ನಿಮ್ಮ ಅತ್ತೆಯ ಮಾತು ಒರಟಾದರೂ ಅದರಲ್ಲೊಂದು ಕಾಳು ನಿಜ ಇದೆ. ಹಾಲು ಮಾಡುವುದು ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು, ಅದನ್ನು ತೊಟ್ಟಿನವರೆಗೆ ತಳ್ಳುವುದು ಆಕ್ಸಿಟೋಸಿನ್ ಅನ್ನೋ ಇನ್ನೊಂದು ಹಾರ್ಮೋನು. ಹೆರಿಗೆ ನೋವಿನಲ್ಲಿ ಗರ್ಭಕೋಶ ಹಿಂಡುವುದೂ ಇದೇ ಆಕ್ಸಿಟೋಸಿನ್. ಸ್ವೀಡನ್ನಿನವರು ಎರಡನೇ ದಿನ ಹಾಲೂಡಿಸುತ್ತಿದ್ದ ಬಾಣಂತಿಯರ ರಕ್ತ ಪರೀಕ್ಷಿಸಿ 1996ರಲ್ಲಿ ಬರೆದರು: ನಾರ್ಮಲ್ ಆದವರಲ್ಲಿ ಆಕ್ಸಿಟೋಸಿನ್ ಅಲೆ ಅಲೆಯಾಗಿ ಏರುತ್ತಿತ್ತು, ತುರ್ತು ಸಿಸೇರಿಯನ್ ಆದವರಲ್ಲಿ ಅಲೆಗಳು ಕಮ್ಮಿ, ಪ್ರೊಲ್ಯಾಕ್ಟಿನ್ ಕೂಡ ಅಷ್ಟು ಏರಲಿಲ್ಲ.

ಹಾಗಂತ ಹಾಲು ಬರೋದೇ ಇಲ್ಲ ಅಂತಲ್ಲ. ಮಾಸು ಹೊರಬಿದ್ದು, ಬಸುರಿನಲ್ಲಿ ಹಾಲು ತಡೆದಿಟ್ಟಿದ್ದ ಪ್ರೊಜೆಸ್ಟರಾನ್ ಹಾರ್ಮೋನು ಇಳಿದರೆ, ಹೆರಿಗೆ ಹೇಗೇ ಆಗಿರಲಿ, ಎದೆ ತುಂಬುತ್ತದೆ. ಒಂದೆರಡು ದಿನ ತಡ ಆಗಬಹುದು, ಅಷ್ಟೇ. ಅಲ್ಲಿಯವರೆಗೆ ಬರುವ ನಾಲ್ಕು ಹನಿ ಗಿಣ್ಣುಹಾಲೇ ಹೊಸ ಕೂಸಿನ ಪುಟ್ಟ ಹೊಟ್ಟೆಗೆ ಸಾಮಾನ್ಯವಾಗಿ ಸಾಕು. ಇಲ್ಲಿ ನಿಮಗೊಂದು ಬೈಗುಳ. ಡಬ್ಬಿ ಕೊಡಿ ಅಂತ ಡಾಕ್ಟರು ಹೇಳಿದ್ದರೆ ಬೇರೆ ಮಾತು, ಪಕ್ಕದ ಮಂಚದವರು ಯಾವ ಡಾಕ್ಟರು? ಮಗು ಚೀಪಿದಷ್ಟೂ ಹಾಲು ಮಾಡುವ, ತಳ್ಳುವ ಆ ಎರಡು ಹಾರ್ಮೋನು ಏಳುತ್ತವೆ, ಡಬ್ಬಿಯಿಂದ ಹೊಟ್ಟೆ ತುಂಬಿಸಿಕೊಂಡ ಕೂಸು ಚೀಪುವುದಾದರೂ ಯಾಕೆ?

ನನ್ನ ಮಗಳಿಗೂ ಹೊಟ್ಟೆ ಕೊಯ್ದೇ ಹೆರಿಗೆ ಆಯಿತು. ಕೂಸನ್ನು ಕೈಗೆ ಕೊಟ್ಟಿದ್ದು ನಾಲ್ಕು ಗಂಟೆ ಆದ ಮೇಲೆ. ಅಷ್ಟರಲ್ಲಿ ಅಳಿಯನ ಕೈಗೆ ಡಬ್ಬಿ ಹಾಲಿನ ಚೀಟಿ ಬಂದಾಗಿತ್ತು! ಡಬ್ಬಿ ಹಾಲಿನ ಪ್ರಚಾರಕ್ಕೆ ಮೂಗುದಾರ ಹಾಕುವ ಕಾನೂನು 1992ರಲ್ಲೇ ಬಂದಿದೆ, ಚೀಟಿ ಬರೆದವರಿಗೆ ಅದರ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ ಅಂತ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಬಿಲ್ಲು ಕಟ್ಟುವವರ ಹೊಟ್ಟೆಯನ್ನೇ ಹುಡುಕಿಕೊಂಡು ಬರುತ್ತಾ ಈ ಕತ್ತರಿ? ಸಾವಿರಾರು ಹೆರಿಗೆ ಮಾಡಿಸಿ ಬಿಡಿಗಾಸು ಮುಟ್ಟದ ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಚಪ್ಪಾಳೆ ತಟ್ಟಿದೆವು, ಆಮೇಲೆ ಮರೆತೆವು.

ಇರಲಿ, ನಿಮ್ಮ ವಿಷಯಕ್ಕೆ ಬರೋಣ. ಈ ಸಲವೂ ಕೊಯ್ಯುವುದೇ ಆದರೆ, ಥಿಯೇಟರಿನಲ್ಲೇ ಮಗುವನ್ನು ಬರಿ ಎದೆ ಮೇಲೆ ಮಲಗಿಸಿ ಅಂತ ಈಗಲೇ ಡಾಕ್ಟರಿಗೆ ಹೇಳಿಡಿ. ಅಮ್ಮ, ಮಗು ಇಬ್ಬರೂ ಹುಷಾರಾಗಿದ್ದರೆ ಅದಕ್ಕೇನೂ ಅಡ್ಡಿಯಿಲ್ಲ. ಕೇಳಲು ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರ ಒರಟು ಬಾಯಿ ಅಲ್ಲಿ ಉಪಯೋಗಕ್ಕೆ ಬರುತ್ತದೆ.

— ಸಂ.